ಬಿಳಿ ದಾರ ಕಟ್ಟಿಸಿಕೊಂಡವಳು

ಹುಣಸೆಗಡ್ಡೆ, ಹಿನ್ನೀರ ಸೀಮೆ
ಭಾದ್ರಪದ ಬಹುಳ ಅಮಾವಾಸ್ಯೆ, ಇಸವಿ ೨೨೦೭

ಹಿರಿಯರಿಗೆ ನೀಲಗಂಗವ್ವನ ಶರಣು.

ಮೊದಲು ಕ್ಷಮೆ ಕೇಳುತ್ತೇನೆ. ಮೇಲಿನ ಇಸವಿಯನ್ನು ಓದಿ ಇದು ಯಾರೋ ತಲೆಕೆಟ್ಟವಳ ಕಾಗದ ಎಂದು ನೀವು ಮಡಚಿ ಇಡಬಹುದು. ಇಸವಿ ಸರಿಯಾಗಿಯೇ ಇದೆ. ನೀವು ಇದನ್ನು ಓದುವಾಗ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿರಬಹುದು, ಆದರೆ ನನ್ನ ಲೆಕ್ಕದಲ್ಲಿ ನೀವೆಲ್ಲ ತೀರಿಹೋಗಿ ಎಷ್ಟೋ ತಲೆಮಾರು ಕಳೆದಿವೆ. ಬದುಕಿರುವವರನ್ನು ಸತ್ತವರೆಂದು ಕರೆಯುವುದು ಮರ್ಯಾದೆಯಲ್ಲ ಎಂದು ನನಗೂ ಗೊತ್ತು. ಏನು ಮಾಡಲಿ, ನಿಮ್ಮನ್ನು ಕರೆಯಲು ನನ್ನ ಬಳಿ ಹಿರಿಯರು ಎಂಬ ಒಂದೇ ಮಾತಿದೆ. ನಾನು ಬಳಸುವ ಕೆಲವು ಪದಗಳೂ ನಿಮ್ಮ ಕಾಲದಲ್ಲಿ ಹುಟ್ಟಿರಲಿಕ್ಕಿಲ್ಲ. ಬಂದ ಬಂದಲ್ಲಿ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಹಿರಿಯರ ಅಮಾವಾಸ್ಯೆಗೆ ಎಡೆ ಇಡುವ ಪದ್ಧತಿ ನಮ್ಮಲ್ಲಿ ಇನ್ನೂ ಉಳಿದಿದೆ. ನಿಮ್ಮಲ್ಲಿ ಇಲ್ಲದ ಒಂದನ್ನು ಮಾತ್ರ ನಾವು ಸೇರಿಸಿಕೊಂಡಿದ್ದೇವೆ. ವರ್ಷದೊಳಗೆ ಮನೆಯಲ್ಲಿ ಯಾರಾದರೂ ಹೋಗಿದ್ದರೆ, ಎಡೆಯ ಎಲೆಯ ಕೆಳಗೆ ಒಂದು ಕಾಗದ ಬರೆದಿಡುತ್ತೇವೆ. ಅದು ಎಡೆಯೋಲೆ. ಯಾರು ಹೋದರು, ಹೇಗೆ ಹೋದರು, ಹಿಂದಿನವರಿಂದ ಏನು ಬೇಕು ಎಂದು ಅದರಲ್ಲಿ ಇರಬೇಕು. ಸತ್ತವರು ಅನ್ನ ಮುಟ್ಟುತ್ತಾರೆ ಎಂದು ನಂಬುವ ನಮಗೆ ಅವರು ಕಾಗದ ಓದುತ್ತಾರೆ ಎಂದು ನಂಬುವುದು ಕಷ್ಟವೇನಲ್ಲ. ಈ ವರ್ಷ ಬರೆಯುವ ಸರದಿ ನನಗೆ ಬಂದಿದೆ, ಬರಬಾರದಿತ್ತು. ಹೋದವಳು ನನ್ನ ತಂಗಿ ಹೊಳೆವ್ವ. ನನಗಿಂತ ಹತ್ತು ವರ್ಷ ಚಿಕ್ಕವಳು. ನನ್ನ ಸೊಂಟದ ಮೇಲೆ ಬೆಳೆದವಳು.

ನಮ್ಮ ಸೀಮೆಯ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಕೃಷ್ಣೆಗೆ ಅಡ್ಡಗಟ್ಟಿ ನೀರು ನಿಲ್ಲಿಸಿದಿರಲ್ಲ, ಆ ಹಿನ್ನೀರು ನಿಮ್ಮ ಮರಿಮಕ್ಕಳ ಕಾಲಕ್ಕೆ ಹಿಡಿತ ತಪ್ಪಿ ಹರಡಿಕೊಂಡಿತು. ನಿಮಗೆ ಗುಡ್ಡಗಳಾಗಿದ್ದವು ನಮಗೆ ನಡುಗಡ್ಡೆಗಳು. ಬಿಸಿಲಿನಲ್ಲಿ ಹೊತ್ತೇರಿದ ಮೇಲೆ ಯಾರೂ ಸೂರಿನ ಹೊರಗೆ ಬರಬಾರದೆಂದು ಕಟ್ಟಳೆಯಿದೆ. ಆ ಸಮಯಕ್ಕೆ ನೆರಳುಹೊತ್ತು ಎನ್ನುತ್ತೇವೆ. ನೆರಳುಹೊತ್ತಿನಲ್ಲಿ ಗಂಡಸರು ಬಲೆ ಹೆಣೆಯುತ್ತಾರೆ, ಹೆಂಗಸರು ಸಜ್ಜೆ ಬೀಸುತ್ತಾರೆ, ಇಬ್ಬರೂ ಸೇರಿ ಜಗಳವಾಡುತ್ತಾರೆ. ಬಿದಿರ ತಟ್ಟಿಯ ಮೇಲೆ ಮಣ್ಣು ಹರಡಿ ನೀರಿನ ಮೇಲೆ ಬಿಟ್ಟ ತೇಲುಮಡಿಗಳಲ್ಲಿ ಪುಂಡಿಪಲ್ಯ, ಮೆಂತ್ಯ ಬೆಳೆಯುತ್ತೇವೆ. ಜೋರು ಗಾಳಿ ಬಂದ ಮರುದಿನ ನಮ್ಮ ಮೆಂತ್ಯ ಪಕ್ಕದ ಗಡ್ಡೆಗೆ ಹೋಗಿರುತ್ತದೆ, ಅವರು ಅದನ್ನು ತಮ್ಮದೇ ಎನ್ನುತ್ತಾರೆ. ಹೀಗೆ ನಮ್ಮ ಬಾಳು ನಡೆಯುತ್ತದೆ, ಕೆಟ್ಟದ್ದೇನಲ್ಲ. ಕೆಟ್ಟದ್ದು ನೀರಿನಲ್ಲಿರುವ ಹುಳು. ನೀರಿಗಿಳಿದವರ ಅಂಗಾಲಿನಿಂದ ಒಳಸೇರಿ ಹೊಟ್ಟೆಯಲ್ಲಿ ಕೂತು ಸದ್ದಿಲ್ಲದೆ ರಕ್ತ ಕುಡಿಯುತ್ತದೆ. ನೀರಿಗಿಳಿಯದೆ ನಮಗೆ ಅನ್ನವಿಲ್ಲ. ಹಾಗಾಗಿ ನಮ್ಮ ಹೆಂಗಸರ ರಕ್ತ ಯಾವಾಗಲೂ ತೆಳು.

ನಮ್ಮಲ್ಲಿ ಇಲ್ಲದ್ದು ದವಾಖಾನೆ. ಇಡೀ ಹಿನ್ನೀರ ಸೀಮೆಗೆ ಒಬ್ಬ ವೈದ್ಯರೂ ಇಲ್ಲ. ನಮ್ಮ ಮಕ್ಕಳಲ್ಲಿ ಓದಿ ವೈದ್ಯರಾದವರನ್ನು ತಂಪುನಾಡಿನವರು ಕರೆದುಕೊಳ್ಳುತ್ತಾರೆ. ಬಡಗಣ ದಿಕ್ಕಿನಲ್ಲಿ ಬಿಸಿಲು ಇನ್ನೂ ಮನುಷ್ಯರನ್ನು ಸುಡದ ದೇಶಗಳಿಗೆ ಆ ಹೆಸರು. ಹೋದವರನ್ನು ಬೈಯುವಂತಿಲ್ಲ, ಇಲ್ಲಿದ್ದು ಅವರಾದರೂ ಬರಿಗೈಯಲ್ಲಿ ಏನು ಮಾಡಿಯಾರು? ಕಡುಬೇಸಿಗೆಯಲ್ಲಿ ನೀರು ಇಳಿದಾಗ ನಿಮ್ಮ ಕಾಲದ ಒಂದು ಆರೋಗ್ಯ ಉಪಕೇಂದ್ರದ ಗೋಡೆ ಮೇಲೆ ಬರುತ್ತದೆ. ಮಗುವನ್ನು ಎತ್ತಿಕೊಂಡ ತಾಯಿಯೊಬ್ಬಳನ್ನು ಯಾರೋ ಅದರ ಮೇಲೆ ಗಾರೆಯಲ್ಲಿ ತೀಡಿದ್ದಾರೆ. ಬಸುರಿಯರು ದೋಣಿಯಲ್ಲಿ ಹೋಗಿ ಅವಳಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಹರಕೆ ಹೊತ್ತು ಬರುತ್ತಾರೆ. ಅವಳ ಹೆಸರು ದವಾಖಾನಿ ಅವ್ವ. ನಿಮಗೆ ಸೂಜಿ ಚುಚ್ಚುತ್ತಿದ್ದ ಜಾಗ ನಮಗೆ ಗುಡಿಯಾಗಿದೆ. ಸೂಜಿ ಚುಚ್ಚುವವರು ಇಲ್ಲದ ಊರಿನಲ್ಲಿ ಇನ್ನೇನಾಗಬೇಕು.

ವರ್ಷಕ್ಕೊಮ್ಮೆ, ಶ್ರಾವಣದಲ್ಲಿ ನೀರು ತುಂಬಿ ದಾರಿ ಆಳವಾದಾಗ, ತಂಪುನಾಡಿನಿಂದ ತೇಲುದವಾಖಾನೆ ಬರುತ್ತದೆ. ಬಿಳಿ ಬಣ್ಣದ ದೊಡ್ಡ ಹಡಗು. ನಮ್ಮಿಂದ ಏನನ್ನೂ ಪಡೆಯದೆ ಮದ್ದು ಕೊಡುವ, ಹೊಟ್ಟೆ ಕೊಯ್ದು ಹೊಲಿಯುವ, ಸತ್ತವರಿಗಾಗಿ ನಮ್ಮ ಜೊತೆ ಕೂತು ಅಳುವ ಜನ ಅವರು. ಅವರನ್ನು ಯಾರಾದರೂ ಹಳಿದರೆ ನಾನು ಸುಮ್ಮನಿರುವವಳಲ್ಲ. ಆದರೆ ಗಡ್ಡೆಗಳು ನೂರಾರು, ಹಡಗು ಒಂದು. ಒಂದೊಂದು ಗಡ್ಡೆಗೆ ನಾಲ್ಕಾರು ದಿನ ಸಿಕ್ಕಿದರೆ ಹೆಚ್ಚು. ಎಲ್ಲರನ್ನೂ ಮುಟ್ಟಿ ನೋಡಲು ಆಗುವುದಿಲ್ಲವೆಂದು ಹಡಗಿನ ಏಣಿಯ ಬುಡದಲ್ಲಿ ಬಣ್ಣಗಣ್ಣು ಎಂಬ ಯಂತ್ರ ಇಟ್ಟಿದ್ದರು. ಅದರ ಮುಂದೆ ನಿಂತು ಕೈ ಚಾಚಿದರೆ ತುಟಿಯ, ಉಗುರಿನ, ಅಂಗೈಯ ಬಣ್ಣ ನೋಡಿ ಮೈಯಲ್ಲಿ ರಕ್ತ ಎಷ್ಟಿದೆ ಎಂದು ಹೇಳುತ್ತದೆ. ರಕ್ತ ಕಡಿಮೆಯಿದ್ದವರ ಮಣಿಕಟ್ಟಿಗೆ ಕೆಂಪು ದಾರ. ಅವರು ಹಡಗಿನೊಳಗೆ ಉಳಿಯಬೇಕು, ಅವರಿಗೆ ರಕ್ತಪುಡಿ ಸಿಗುತ್ತದೆ. ಒಣಗಿಸಿದ ರಕ್ತವನ್ನು ನೀರಿನಲ್ಲಿ ಕಲಸಿ ನರಕ್ಕೆ ಬಿಡುವ ಮದ್ದು ಅದು, ಹಡಗಿನ ತಂಪು ಬಿಟ್ಟು ಹೊರಗೆ ತಂದರೆ ಕೆಡುತ್ತದೆ. ರಕ್ತ ಸಾಕಷ್ಟಿದ್ದವರಿಗೆ ಬಿಳಿ ದಾರ, ಒಂದು ಪೊಟ್ಟಣ ಗುಳಿಗೆ, ಮನೆಗೆ ದಾರಿ.

ಈಗ ನಮ್ಮವರ ಸುದ್ದಿಗೆ ಬರುತ್ತೇನೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ನೀವು ಯಾರನ್ನು ನೋಡಿ ಕಟ್ಟಿದಿರೋ, ನಾವು ಅವರ ಮೊಮ್ಮಕ್ಕಳು. ಕೆಂಪು ದಾರ ಬದುಕಿಸುತ್ತದೆ ಎಂದು ಹಡಗಿನವರು ತಿಳಿದಿದ್ದರು. ಗಡ್ಡೆಯ ಜನಕ್ಕೆ ಕೆಂಪು ದಾರ ಎಂದರೆ ಅವಮಾನ. ಸೊಸೆ ಕೆಂಪು ದಾರ ಕಟ್ಟಿಸಿಕೊಂಡು ಬಂದರೆ ಆ ಮನೆಯವರನ್ನು ಊರೇ ನಿಲ್ಲಿಸಿ, ಹೊಟ್ಟಿಗಿ ಹಾಕಲಿಲ್ಲೇನು ಎಂದು ಕೇಳುತ್ತದೆ. ಬಿಳಿ ದಾರದವರ ಮನೆಯಲ್ಲಿ ಅಂದು ಸಿಹಿ ಅಡುಗೆ. ಹಡಗಿನವರಿಗೆ ಇದು ಗೊತ್ತಿರಲಿಲ್ಲ. ನಮಗೆ ಇದು ಹೇಳಬೇಕಾದ ವಿಷಯ ಎಂದು ಅನ್ನಿಸಿರಲಿಲ್ಲ.

ಹೋದ ವರ್ಷ ಶ್ರಾವಣಕ್ಕೆ ಹೊಳೆವ್ವನಿಗೆ ಎಂಟು ತಿಂಗಳು ತುಂಬುತ್ತಿತ್ತು. ಚೊಚ್ಚಲು. ದಡದಿಂದ ಮನೆಗೆ ಒಂದು ಕೊಡ ನೀರು ತರುವಷ್ಟರಲ್ಲಿ ಕಟ್ಟೆ ಕಂಡಲ್ಲೆಲ್ಲ ಕೂರುತ್ತಿದ್ದಳು. ಯಾರೂ ನೋಡದಾಗ ಗೋಡೆಯ ಮಣ್ಣು ಕೆರೆದು ತಿನ್ನುತ್ತಿದ್ದಳು. ನಾನು ಅದೇ ಗಡ್ಡೆಗೆ ಕೊಟ್ಟವಳು, ನಾಲ್ಕು ಮನೆ ಆಚೆ ನನ್ನ ಸಂಸಾರ, ನನ್ನ ಕಣ್ಣಿಗೆ ಬೀಳದೆ ಇರುತ್ತದೆಯೇ? ಅವಳ ಅತ್ತೆ ಫಕೀರವ್ವನ ಹತ್ತಿರ ಹೋಗಿ, ಹಡಗು ಬಂದ ಕೂಡಲೇ ಇವಳನ್ನು ತೋರಿಸಬೇಕು ಎಂದೆ. ಫಕೀರವ್ವ ಕೆಟ್ಟ ಅತ್ತೆಯೆಂದು ನೀವು ತಿಳಿದರೆ ಮೋಸಹೋಗುತ್ತೀರಿ. ತನ್ನ ತಟ್ಟೆಯ ಮೀನನ್ನು ಸೊಸೆಯ ತಟ್ಟೆಗೆ ಹಾಕುವವಳು ಅವಳು. ನನ್ನ ಮಾತಿಗೆ ಕೂಡಲೇ ಒಪ್ಪಿದಳು. ಆ ವಾರವೇ ಕುಬುಸದ ಕಾರ್ಯವನ್ನೂ ಮುಗಿಸಿಬಿಡೋಣ ಎಂದಳು. ಬಸುರಿಗೆ ಹಸಿರು ಸೀರೆ, ಹಸಿರು ಬಳೆ ಕೊಟ್ಟು ಹರಸುವುದು ನಿಮಗೆ ಗೊತ್ತಿದೆ, ನಿಮ್ಮಿಂದಲೇ ನಮಗೆ ಬಂದದ್ದು.

ಹಡಗು ಬಂದು ಗಡ್ಡೆಯ ಆಚೆ ಮಗ್ಗುಲ ದಡಕ್ಕೆ ನಿಂತ ದಿನ ನಾನು ಸಾಲಿನಲ್ಲಿ ಜಾಗ ಹಿಡಿಯಲು ಮುಂಚಿನ ದೋಣಿಗೇ ಹೋಗಿದ್ದೆ. ಹಿಂದಿನ ದೋಣಿಯಲ್ಲಿ ಫಕೀರವ್ವ ಸೊಸೆಯನ್ನು ಕರೆತಂದಳು. ದೋಣಿಯಿಂದ ಇಳಿದ ಹೊಳೆವ್ವನನ್ನು ನೋಡಿ ಸಾಲಿನಲ್ಲಿದ್ದ ಹೆಂಗಸರೆಲ್ಲ ಕುತ್ತಿಗೆ ಚಾಚಿ ನೋಡಿದರು, ಅಷ್ಟು ಚೆಲುವಾಗಿದ್ದಳು. ಹಸಿರು ಸೀರೆ, ಮುಡಿ ತುಂಬ ಹೂವು. ಅಂಗೈಗೂ ಉಗುರುಗಳಿಗೂ ಕಡುಗೆಂಪು ಮದರಂಗಿ. ಅಡಿಕೆ ಈಗ ನಮಗೆ ಸಿಗುವುದಿಲ್ಲ, ಎಲೆಗೆ ಸುಣ್ಣ ಕಾಚು ಸವರಿ ಅಗಿಯುತ್ತೇವೆ. ಅದನ್ನು ಅಗಿದಗಿದು ತುಟಿ ಹವಳದ ಹಾಗೆ ಕೆಂಪಾಗಿತ್ತು. ಬಳಲಿ ಮುಖ ಬಾಡಬಾರದೆಂದು ಅತ್ತೆ ದಾರಿಯುದ್ದಕ್ಕೂ ಎಲೆ ಮಡಚಿ ಮಡಚಿ ಕೊಟ್ಟಿದ್ದಳಂತೆ. "ಪರದೇಶದ ಮಂದಿ ಮುಂದ ಬಾಡಿದ ಮಾರಿ ಇಟಗೊಂಡು ನಿಂದರಬ್ಯಾಡವ್ವಾ, ನಮ್ಮ ಮನಿ ಸೊಸಿ ಅನ್ನೂದು ಕಾಣಬೇಕು" ಎಂದು ಹೇಳಿದ್ದಳಂತೆ.

ಬಣ್ಣಗಣ್ಣು ತುಟಿ ನೋಡಿತು, ಉಗುರು ನೋಡಿತು, ಅಂಗೈ ನೋಡಿತು. ಅದಕ್ಕೆ ಎಲ್ಲವೂ ಕೆಂಪಾಗಿಯೇ ಕಂಡಿತು. ಅದನ್ನು ಮಾಡಿದವರ ನಾಡಿನಲ್ಲಿ ಎಲೆ ಅಗಿಯುವವರಿಲ್ಲ, ಮದರಂಗಿ ಹಚ್ಚುವವರಿಲ್ಲ. ಯಂತ್ರದ ಪಕ್ಕದಲ್ಲಿ ಸೊಲ್ವಾ ಎಂಬ ನರ್ಸ್ ನಿಂತಿದ್ದಳು, ನಮ್ಮವರ ಬಾಯಲ್ಲಿ ಸೊಲ್ವವ್ವ. ಅವಳಿಗೆ ನಮ್ಮ ಮಾತು ಬಾರದು. ಅವಳ ಕೊರಳಿನ ಮಾತುಪೆಟ್ಟಿಗೆ ಅವಳ ಪರವಾಗಿ ಕನ್ನಡ ಆಡುತ್ತದೆ, ಅದೂ ನಿಮ್ಮ ಕಾಲದ ವಾರ್ತೆ ಓದುವವರ ಕನ್ನಡ. ತಮಗೆ ಯಾವುದಾದರೂ ತೊಂದರೆ ಇದೆಯೇ ಎಂದು ಅದು ಕೇಳಿತು. ಹೊಳೆವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು, "ಏನೂ ಇಲ್ರಿ, ಆರಾಮ ಅದೀನ್ರಿ" ಎಂದಳು. ನಮ್ಮ ಸೀಮೆಯಲ್ಲಿ ಹೇಗಿದ್ದೀರಿ ಎಂದು ಕೇಳಿದವರಿಗೆ ಇನ್ನೊಂದು ಉತ್ತರವೇ ಇಲ್ಲ. ಮನೆಯಲ್ಲಿ ಹೆಣ ಇದ್ದರೂ ಮೊದಲು ಆರಾಮ ಎಂದು, ಆಮೇಲೆ ಹೆಣದ ಸುದ್ದಿ ಹೇಳುತ್ತೇವೆ. ಆಮೇಲಿನದನ್ನು ಕೇಳುವವರೆಗೆ ಎದುರಿಗಿದ್ದವರು ನಿಲ್ಲಬೇಕು. ಸೊಲ್ವವ್ವನ ಮುಂದೆ ದಡದವರೆಗೆ ಸಾಲು ಇತ್ತು, ಅವಳು ನಕ್ಕು, ಹೊಳೆವ್ವನ ಹೊಟ್ಟೆಯನ್ನು ಮೆಲ್ಲಗೆ ಸವರಿ, ಬಿಳಿ ದಾರ ಕಟ್ಟಿದಳು.

ಹೊಳೆವ್ವ ನನ್ನ ಕಡೆ ಕೈ ಎತ್ತಿ ತೋರಿಸಿದಳು. "ಅಕ್ಕಾ, ನೋಡಿಲ್ಲಿ, ಬಿಳೇದು ಕಟ್ಟ್ಯಾರ!" ಫಕೀರವ್ವ ಅಲ್ಲೇ ಅವಳಿಗೆ ದೃಷ್ಟಿ ತೆಗೆದಳು. ಹೊಳೆವ್ವನ ಗಂಡ ಮುದಕಪ್ಪ ಸಂಜೆ ಊರಿಗೆಲ್ಲ ಬೆಲ್ಲ ಹಂಚಿದ. ನನಗೂ ಹಗುರವಾಯಿತು ಎಂದು ಹೇಳದಿದ್ದರೆ ಸುಳ್ಳಾಗುತ್ತದೆ. ಅಷ್ಟು ದೊಡ್ಡ ಯಂತ್ರ ನೋಡಿ ಒಪ್ಪಿದ ಮೇಲೆ ಮಣ್ಣು ತಿನ್ನುವುದು ಬಸುರಿಯ ಬಯಕೆ ಇರಬೇಕು ಎಂದುಕೊಂಡೆ. ಗಣೇಶ ಚೌತಿಗೆ ಮುಂಚೆ ನೀರು ಇಳಿಯಲು ಶುರುವಾಗಿ, ಹಡಗು ಹೊರಟುಹೋಯಿತು.

ಹೋದ ವರ್ಷದ ಹಿರಿಯರ ಅಮಾವಾಸ್ಯೆ ಕಳೆದು ಸ್ವಲ್ಪ ದಿನಕ್ಕೆ, ಬೆಳಗಿನ ರೊಟ್ಟಿ ಬಡಿಯುವ ಹೊತ್ತಿಗೆ ಹೊಳೆವ್ವನಿಗೆ ನೋವು ಬಂತು. ನೆರಳುಹೊತ್ತು ಶುರುವಾಗುವ ಮುಂಚೆಯೇ ಹೆಣ್ಣುಮಗು ಹುಟ್ಟಿತು, ಸಲೀಸಾಗಿಯೇ ಹುಟ್ಟಿತು. ಆಮೇಲೆ ರಕ್ತ ಹೋಗಲು ಶುರುವಾಯಿತು. ಬೇರೆ ಹೆಂಗಸಾಗಿದ್ದರೆ ತಡೆದುಕೊಳ್ಳುವಷ್ಟೇ ಹೋಯಿತು ಎಂದು ಸೂಲಗಿತ್ತಿ ಇವತ್ತಿಗೂ ಹೇಳುತ್ತಾಳೆ. ಹೊಳೆವ್ವನ ಮೈಯಲ್ಲಿ ಹೋಗುವುದಕ್ಕೆ ಇದ್ದದ್ದೇ ಅಷ್ಟು. ನಾನು ಒದ್ದೆ ಬಟ್ಟೆಯಲ್ಲಿ ಅವಳ ಮುಖ ಒರೆಸಿದೆ. ಎಲೆಯ ಕೆಂಪು ಹೋಗಿ ತುಟಿ ಸುಣ್ಣದ ಗೋಡೆಯ ಹಾಗಿತ್ತು. ಅಂಗೈ ಬೆಳ್ಳಗೆ. ಹತ್ತು ಉಗುರು ಮಾತ್ರ ಕೆಂಪಗೆ ಉಳಿದಿದ್ದವು. ಆಗ ನನಗೆ ಎಲ್ಲ ತಿಳಿಯಿತು. ಫಕೀರವ್ವನಿಗೂ ತಿಳಿಯಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹೊಳೆವ್ವನ ಪ್ರಾಣ ಇನ್ನೂ ಇತ್ತು. ಹೆಂಗ ಅದೀಯೇ ಎಂದು ಕೇಳಿದರೆ ಆರಾಮ ಎಂದಳು. ಬಾಣಂತಿಯ ಕೋಣೆಯಲ್ಲಿ ಹೊಗೆ ಹಾಕಿದ್ದರು, ಹೊರಗೆ ಮುದಕಪ್ಪ ಮಗಳು ಹುಟ್ಟಿದಳೆಂದು ಯಾರಿಗೋ ಕೂಗಿ ಹೇಳುತ್ತಿದ್ದ. ಅವನು ಒಳಗೆ ಬರುವಷ್ಟರಲ್ಲಿ ಮುಗಿದಿತ್ತು.

ಅವಳನ್ನು ಸಿಂಗರಿಸಿ ಒಯ್ಯಬೇಕು ಎಂದು ಊರ ಹೆಂಗಸರು ಅರಿಶಿನ ಕುಂಕುಮ ತಂದರು. ಫಕೀರವ್ವ ಬಾಗಿಲಿಗೆ ಅಡ್ಡ ನಿಂತಳು. ಸಾಕಾಗಲಿಲ್ಲವೇ ನಿಮಗೆ ಎಂದು ಚೀರಿದಳು. ಮುತ್ತೈದೆ ಸತ್ತರೆ ಬರಿ ಮುಖದಲ್ಲಿ ಕಳಿಸಬಾರದೆಂದು ಯಾರೋ ಗೊಣಗಿದರು. ನಮ್ಮ ಸೀಮೆಯಲ್ಲಿ ಬರಿ ಮುಖದಲ್ಲಿ ಹೋದ ಮೊದಲ ಮುತ್ತೈದೆ ನನ್ನ ತಂಗಿ.

ಈ ವರ್ಷ ಶ್ರಾವಣದಲ್ಲಿ ಹಡಗು ಮತ್ತೆ ಬಂತು. ಸೊಲ್ವವ್ವ ನಾಲ್ಕು ಕನ್ನಡದ ಮಾತು ಕಲಿತು ಬಂದಿದ್ದಳು, ಮಾತುಪೆಟ್ಟಿಗೆಯನ್ನು ಮುಟ್ಟದೆ ಅವನ್ನು ಆಡಿ ತೋರಿಸುತ್ತಿದ್ದಳು. ನನ್ನನ್ನು ಗುರುತು ಹಿಡಿದಳು. ನನ್ನ ಸೊಂಟದಲ್ಲಿದ್ದ ಹೊಳೆವ್ವನ ಕೂಸನ್ನು ನೋಡಿ ಹಿಗ್ಗಿ, ಹಸಿರು ಸೀರೆ ಎಲ್ಲಿ ಎಂದು ಕೇಳಿದಳು. ಅವಳಿಗೆ ಹೊಳೆವ್ವನ ಹೆಸರು ಗೊತ್ತಿರಲಿಲ್ಲ. ನಾನು ಕೆಳಗೆ ನೆಲ ತೋರಿಸಿದೆ. ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ, ಹೇಗೆ ಎಂದು ಕೇಳಿದಳು, ನಾನು ಪೆಟ್ಟಿಗೆಯ ಮುಂದೆ ಎಲೆ, ಕಾಚು, ಮದರಂಗಿಯ ಕಥೆಯನ್ನೆಲ್ಲ ಹೇಳಿದೆ. ಸೊಲ್ವವ್ವ ಏಣಿಯ ಬುಡದಲ್ಲೇ ಕುಸಿದು ಕೂತು, ಎದೆಗೆ ಮೊಣಕಾಲು ಒತ್ತಿಕೊಂಡು ಅತ್ತಳು. ನಾನು ಅವಳನ್ನು ಮುಟ್ಟಲಿಲ್ಲ, ನನಗೆ ಮನಸ್ಸು ಬರಲಿಲ್ಲ. ಹೋಗಿ ಮುಟ್ಟಿದವಳು ಫಕೀರವ್ವ. ಪಕ್ಕದಲ್ಲಿ ಕೂತು ಅವಳ ತಲೆಯನ್ನು ತನ್ನ ತೊಡೆಗೆ ಎಳೆದುಕೊಂಡಳು. "ಅಳಬ್ಯಾಡ ನನ ಮಗಳ. ನಿನ್ನ ಕಣ್ಣಿಂದು ತಪ್ಪಿಲ್ಲ. ಆಕಿ ಬ್ಯಾನಿ ನಾವ ಮುಚ್ಚಿ ಕಳಿಸಿದ್ವಿ" ಎಂದಳು. ಪೆಟ್ಟಿಗೆ ಅದನ್ನು ಅವಳ ಭಾಷೆಗೆ ಹೇಳಿತೋ ಇಲ್ಲವೋ ನನಗೆ ಗೊತ್ತಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈಗ ಶ್ರಾವಣ ಹುಟ್ಟುವ ಮುಂಚೆಯೇ ಮದರಂಗಿ ಬಂದ್. ಹಡಗು ಇರುವಷ್ಟು ದಿನ ಯಾರೂ ಎಲೆ ಅಗಿಯುವಂತಿಲ್ಲ. ಹಡಗಿನವರೂ ಯಂತ್ರವನ್ನು ಬದಿಗಿಟ್ಟು ಕಣ್ಣಿನ ರೆಪ್ಪೆ ಎಳೆದು ನೋಡುತ್ತಾರೆ. ಇಷ್ಟಾದರೂ ಒಂದು ಮಾತ್ರ ಹೋಗಿಲ್ಲ. ಹಡಗು ಹೊರಡುವ ಹಿಂದಿನ ದಿನ ತಿಪ್ಪವ್ವ ಎಂಬವಳು ಜ್ವರದಲ್ಲಿ ಗಡಗಡ ನಡುಗುತ್ತ ಸಾಲಿನಲ್ಲಿ ಬಂದಳು. ಸೊಲ್ವವ್ವ ಹೇಗಿದ್ದೀರಿ ಎಂದರೆ, ಹಲ್ಲು ಕಟಕಟಿಸುತ್ತ ಆರಾಮ ಅದೀನ್ರಿ ಎನ್ನುತ್ತಾಳೆ! ನನಗೆ ಎಲ್ಲಿತ್ತೋ ಸಿಟ್ಟು. "ಆರಾಮ ಇದ್ರ ಇಲ್ಲಿಗ್ಯಾಕ ಬಂದಿಯೇ? ಹಡಗಾ ನೋಡಾಕ ಬಂದಿಯೇನು?" ಎಂದು ಸಾಲಿನವರೆಲ್ಲ ತಿರುಗುವ ಹಾಗೆ ಬೈದುಬಿಟ್ಟೆ. ಬೈದು ಮುಗಿಸಿ ನಾನೇ ಅತ್ತೆ. ತಿಪ್ಪವ್ವ ನನ್ನನ್ನು ಸಮಾಧಾನ ಮಾಡಿದಳು, ನಡುಗುತ್ತಲೇ.

ಹಿರಿಯರೇ, ಈ ಕಾಲದಲ್ಲಿ ನನ್ನ ತಂಗಿಗೆ ಮಾಡುವುದು ಏನೂ ಉಳಿದಿಲ್ಲ. ನಿಮ್ಮ ಕಾಲದಲ್ಲಿ ಉಳಿದಿದೆ ಎಂದು ನಂಬಿ ಕೇಳುತ್ತಿದ್ದೇನೆ. ನಿಮ್ಮ ಊರಿನ ಉಪಕೇಂದ್ರಕ್ಕೆ ಬೀಗ ಬಿದ್ದ ದಿನ, ಇದ್ದರೂ ಅಷ್ಟೆ ಇಲ್ಲದಿದ್ದರೂ ಅಷ್ಟೆ ಎಂದು ಸುಮ್ಮನಾಗಬೇಡಿ. ನಮ್ಮ ಗಡ್ಡೆಯಲ್ಲಿ ನಮ್ಮ ಭಾಷೆಯ ಒಬ್ಬ ನರ್ಸ್ ಇದ್ದಿದ್ದರೆ, ಹೊಳೆವ್ವನ ಸುಳ್ಳು ಅವಳ ಮುಂದೆ ಅರೆಗಳಿಗೆಯೂ ನಿಲ್ಲುತ್ತಿರಲಿಲ್ಲ. ಮನೆಗೆ ಬಂದು, ಗೋಡೆಯಲ್ಲಿನ ಕೆರೆದ ಗುರುತು ನೋಡಿ, ಫಕೀರವ್ವನನ್ನೂ ಸೇರಿಸಿ ಬೈದು, ಕೈ ಹಿಡಿದು ಎಳೆದೊಯ್ಯುತ್ತಿದ್ದಳು. ಇನ್ನು, ನಿಮ್ಮಲ್ಲಿ ಯಾರಾದರೂ ಮದ್ದು ಹಿಡಿದು ಇಲ್ಲದವರ ಊರಿಗೆ ಹೋಗುವವರಿದ್ದರೆ, ಒಂದು ಸಲ ಕೇಳಿ ಮುಂದೆ ಹೋಗಬೇಡಿ. ಪಕ್ಕದಲ್ಲಿ ಕೂತು ಮತ್ತೊಮ್ಮೆ ಕೇಳಿ. ಮೊದಲು ಬರುವ ಉತ್ತರ ಮರ್ಯಾದೆಗೆ ಹೇಳಿದ್ದು.

ಇಷ್ಟು ಊರಿನ ಪರವಾಗಿ. ಕೊನೆಯದು ನನ್ನ ಸ್ವಂತದ ಬೇಡಿಕೆ. ಹೊಳೆವ್ವ ಈಗ ನಿಮ್ಮ ಪಂಕ್ತಿಗೆ ಬಂದು ಸೇರಿದ್ದಾಳೆ. ಇಂದಿನದು ಅವಳ ಪಾಲಿನ ಮೊದಲ ಎಡೆ. ಇನ್ನೂ ಹುಡುಗಿ, ಅವಳನ್ನು ಹಿರಿಯರು ಎಂದು ಕರೆಯಲು ನನ್ನ ನಾಲಿಗೆ ಏಳುತ್ತಿಲ್ಲ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಗೋಧಿ ಹುಗ್ಗಿ ಮಾಡಿದ್ದೇನೆ. ಅಲ್ಲಿ ಅವಳಿಗೆ ಯಾರ ಗುರುತೂ ಇಲ್ಲ, ನಾಚಿಕೊಂಡು ಎಲ್ಲರಿಗಿಂತ ಕೊನೆಗೆ, ಗೋಡೆಗೆ ಒತ್ತಿ ಕೂತಿರುತ್ತಾಳೆ. ಇನ್ನೊಂದು ರೊಟ್ಟಿ ಹಾಕಲೇ ಎಂದರೆ ಬೇಡ ಎನ್ನುತ್ತಾಳೆ, ಹೊಟ್ಟೆ ತುಂಬಿತು ಎನ್ನುತ್ತಾಳೆ. ಅವಳ ಮಾತು ನಂಬಬೇಡಿ. ಅವಳನ್ನು ಏನೂ ಕೇಳಬೇಡಿ, ಸುಮ್ಮನೆ ಬಡಿಸಿ.

ಹೊಳೆವ್ವನ ಅಕ್ಕ